ಮೀಟಿಂಗಿನ ದಾರಿ

ಮಧ್ಯಾಹ್ನವಾಯಿತೆಂದರೆ ಹುಬ್ಬಳ್ಳಿಯ ಓಣಿಗಳು ಮನೆಗಳ ಸಮೇತ ಜಾಗ ಬದಲಿಸುತ್ತಿದ್ದವು. ಲೈಸೆನ್ಸಿನಲ್ಲಿ ಬರೆದ ವಿಳಾಸದ ದೆಸೆಯಿಂದ ಕದಲದೆ ನಿಂತದ್ದು ವೈನ್ ಶಾಪ್ ಒಂದೇ. ಹಾಗಾಗಿ ಸಂಜೆ ಎಲ್ಲರೂ ತಂತಮ್ಮ ಮನೆಯ ದಾರಿಯನ್ನು ಅಲ್ಲೇ ಕೇಳಬೇಕು. ಗುರುಪಾದ ಹನ್ನೊಂದು ವರ್ಷ ದಾರಿ ಕೇಳಲು ಹೋಗಿ ಕುಡಿದು ಬಂದಿದ್ದ.

ಇಂದೂ ಅವನನ್ನು ಕಂಡದ್ದೇ ಅಂಗಡಿಯ ಯಮನೂರಪ್ಪ ಕ್ವಾರ್ಟರ್ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟ.

“ಬ್ಯಾಡ್ರಿ. ಕುಡ್ಯೂದು ಬಿಟ್ಟವರ ಮೀಟಿಂಗ್ ಇವತ್ತ ಎಲ್ಲೈತಿ?” ಎಂದ ಗುರುಪಾದ.

“ಎಡಕ್ಕ ಮೂರನೇ ಓಣಿ, ಗಿರಣಿ ಹಿಂದ. ಮುಗಿಸ್ಕೊಂಡು ಬರ್ರಿ, ಮನಿ ದಾರಿ ಆಮ್ಯಾಲೆ ಹೇಳ್ತೀನಿ.”

“ಮನೀದೂ ಈಗ ಹೇಳಿಬಿಡ್ರಿ.”

ಯಮನೂರಪ್ಪ ಎರಡೂ ದಾರಿಗಳನ್ನು ಒಂದೇ ಚೀಟಿಯಲ್ಲಿ ಬರೆದುಕೊಟ್ಟು, “ಮತ್ತ ನಾಳೆ?” ಎಂದು ಕೇಳಿದ.

“ನಾಳೆ ಮತ್ತ ಕೇಳಾಕ ಬರಬೇಕಲ್ರೀ,” ಎಂದ ಗುರುಪಾದ. “ಬಾಟ್ಲಿ ಮಾತ್ರ ತೆಗೀಬ್ಯಾಡ್ರಿ.”