ದೊಡ್ಡವ್ವ ಅಂಟಿಸಿದ ಹಾಳೆ

ಮೈದಾ ಅಂಟಿನ ವಾಸನೆ ಬಂದರೆ ಈಗಲೂ ಬೆಸಗರಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪಾಠದ ಕತೆಯೊಂದರ ಕ್ರೂರ ಮಲತಾಯಿಯ ಬಗ್ಗೆ ಪ್ರಬಂಧ ಬರೆದು, ತರಗತಿಯ ಗೋಡೆಗೆ ತೂಗುಹಾಕಲು ರಟ್ಟಿಗೆ ಅಂಟಿಸಿ ತನ್ನಿ, ಊರಿನಿಂದಲೂ ಒಂದು ಉದಾಹರಣೆ ಕೊಡಿ ಎಂದಿದ್ದರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ನನ್ನನ್ನು ಸಾಕುತ್ತಿದ್ದ ದೊಡ್ಡವ್ವ ಶಾಲೆಯ ಟೂರಿಗೆ ಕಳಿಸಿರಲಿಲ್ಲ. ಆ ಸಿಟ್ಟಿಗೆ, ಅವಳು ನನಗೆ ಹೊಟ್ಟೆತುಂಬ ಊಟ ಹಾಕುವುದಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದೆ.

ಅಂಟು ಕಾಯಿಸಿ, ಹಾಳೆಗಳನ್ನು ರಟ್ಟಿಗೆ ಅಂಟಿಸಲು ಕೂತವಳೂ ಅವಳೇ.

“ಈ ಆಳೇಲಿ ಏನೈತೆ, ಒಸಿ ಓದ್ಲಾ, ಇಂಗ್ಲೀಸ್ ಕೇಳಾನ,” ಎಂದಳು.

ಓದಿದೆ. ನಡುವೆ ‘ದೊಡ್ಡವ್ವ’ ಎಂಬ ಮಾತು ಬಂದಾಗ ಅವಳ ಮುಖ ಅರಳಿತು.

“ನನ್ನೂ ಬರ್ದಿದ್ದೀಯೇನ್ಲಾ! ಏನಂತ?”

“ಚೆನ್ನಾಗಿ ಸಾಕ್ತಾವ್ಳೆ ಅಂತ.”

“ಥೂ, ಕಳ್ನನ್ಮಗನೆ!” ಎಂದು ನಕ್ಕು, ಆ ಹಾಳೆ ಕಿತ್ತುಬರದಂತೆ ಅಂಚಿಗೆಲ್ಲ ಇನ್ನಷ್ಟು ಅಂಟು ಸವರಿದಳು.