ವಾಪಸು ಕಳಿಸಿದ ಗಾಡಿ

ಮೊಗಿಲಿ ಘಾಟಿ ಇಳಿಯುವ ಮೊದಲು ರಸ್ತೆ ಪಕ್ಕದ ಗುಡಿಸಲಿನ ಹೆಂಗಸೊಬ್ಬಳು ಅತ್ತೆ ಸೊಸೆ ಇಬ್ಬರಿಗೂ ಮಜ್ಜಿಗೆ ಕೊಟ್ಟು, ತಿರುಪತಿಗೆ ಹರಕೆ ಯಾರದೆಂದು ತೆಲುಗಿನಲ್ಲಿ ವಿಚಾರಿಸಿದಳು. ಮೊಮ್ಮಗನದು ಎಂದಳು ದೊಡ್ಡಮುನಿಯಮ್ಮ. ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ ಮುದುಕಿ ಚೊಂಬು ಕೆಳಗಿಟ್ಟು, ಈಗೇನೂ ನೋವಿಲ್ಲ ಎಂದಷ್ಟೇ ಹೇಳಿ ಎದ್ದುಬಿಟ್ಟಳು.

ಸೊಸೆ ಭಾರತಮ್ಮ ಉಳಿದ ಮಜ್ಜಿಗೆ ಅಲ್ಲೇ ಬಿಟ್ಟು ಎದ್ದಳು. ಮಗು ತೀರಿಕೊಂಡು ನಾಲ್ಕು ತಿಂಗಳು. ಆವನಿ ಪಕ್ಕದ ತಮ್ಮೂರಿಂದ ಯಾತ್ರಿಕರ ಗುಂಪಿನ ಜೊತೆ ಹೊರಟು ಮೂರು ದಿನವಾಗಿತ್ತು. ನಂಗಲಿ ದಾಟಿ ಮೈಲಿಗಲ್ಲಿನ ಅಕ್ಷರ ತೆಲುಗಿಗೆ ತಿರುಗಿದರೂ ಅವಳು ಅತ್ತೆಯ ಜೊತೆ ಒಂದು ಮಾತೂ ಆಡದೆ, ಹತ್ತು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದಳು. ಬರುವ ಮನಸ್ಸೇ ಇರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಗಂಡ ಕದಿರಪ್ಪ ಬಿಟ್ಟು ಬರುವಂತಿರಲಿಲ್ಲ. ಅಮ್ಮ ವಯಸ್ಸಾದವಳು, ಒಬ್ಬಳೇ ಹೋಗುವುದು ಬೇಡ ಎಂದು ಅವನು ಕೇಳಿಕೊಂಡಿದ್ದಕ್ಕೆ ಹೊರಟಿದ್ದಳು.

ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು. ಮಗುವಿಗೆ ಗಂಟಲು ಕಟ್ಟಿ ಉಸಿರು ಸಿಳ್ಳೆ ಹಾಕತೊಡಗಿದ ದಿನ ಕದಿರಪ್ಪ ಗೂಡು ಮಾರಲು ಕೋಲಾರಕ್ಕೆ ಹೋಗಿದ್ದ. ಬೆಳಗಿನ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ. ನೆರೆಮನೆಯ ಗಂಗುಲಪ್ಪ ಮಧ್ಯಾಹ್ನವೇ ಗಾಡಿ ಕಟ್ಟಿಕೊಂಡು ಬಂದು, ಮುಳಬಾಗಿಲ ಆಸ್ಪತ್ರೆಗೆ ಹೋಗೋಣವೆಂದ. ದೊಡ್ಡಮುನಿಯಮ್ಮ ಒಳಗೆ ಹೋಗಿ ಬಂದು, ನಡೆದೇ ಬರ್ತೀನಿ ಅಂತ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದೀನಿ, ನಾಳೆ ನೋಡೋಣ ಎಂದು ಗಾಡಿ ವಾಪಸು ಕಳಿಸಿದಳು. ಮರುದಿನ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಮಗುವಿನ ಕೈ ತಣ್ಣಗಾಗಿತ್ತು. ಅಂದಿನಿಂದ ಬಾವಿಕಟ್ಟೆಯಲ್ಲಿ ಮುದುಕಿ ಬಿಂದಿಗೆ ಇಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮಗ ಎದುರಿಗೆ ಕೂತು ಉಣ್ಣುವುದನ್ನು ಬಿಟ್ಟ.

ಘಾಟಿಯ ತಿರುವಿನಲ್ಲಿ ಮುದುಕಿ ಕುಂಟತೊಡಗಿದಳು. ಅಂಗಾಲಿನ ಬೊಬ್ಬೆ ಒಡೆದು, ಹೆಜ್ಜೆ ಇಟ್ಟಲ್ಲೆಲ್ಲ ಟಾರಿನ ಮೇಲೆ ಒದ್ದೆ ಗುರುತು ಬೀಳುತ್ತಿತ್ತು. ಆ ಗುರುತುಗಳನ್ನು ದಾಟಿ ದಾಟಿ ನಡೆದ ಭಾರತಮ್ಮನಿಗೆ ಕೊನೆಗೆ ತಡೆಯಲಾಗಲಿಲ್ಲ.

“ಆ ತಿಮ್ಮಪ್ಪ ಮಗೂನ ಉಳಿಸಿಕೊಡ್ಲಿಲ್ಲ. ನೀನ್ಯಾಕತ್ತೆ ಹಿಂಗೆ ನಡೀತೀಯ?”

“ಮಾತು ಕೊಟ್ಟೋಳು ನಾನು,” ಎಂದಳು ದೊಡ್ಡಮುನಿಯಮ್ಮ, ನಿಲ್ಲದೆ. “ಅವನು ನಂಗೆ ಯಾವ ಮಾತೂ ಕೊಟ್ಟಿರ್ಲಿಲ್ಲ.”

ಮುಂದೆ ಹೋಗುತ್ತಿದ್ದವರ ಗೋವಿಂದ ಗೋವಿಂದ ಎಂಬ ಕೂಗು ತಿರುವಿನಾಚೆ ಕ್ಷೀಣವಾಯಿತು. ಭಾರತಮ್ಮ ದಾರಿ ಬದಿಯ ಬಂಡೆಯ ಮೇಲೆ ಕುಸಿದು ಕೂತಳು. ನಾಲ್ಕು ತಿಂಗಳಿಂದ ಊರವರ ಬಾಯಲ್ಲಿ ಕೇಳಿ ಕೇಳಿ, ತಾನೂ ಹಾಗೇ ಹೇಳಿ ಹೇಳಿ, ನಡೆದದ್ದೇ ಹಾಗೆಂದು ನಂಬಿಕೊಂಡಿದ್ದಳು. ಈಗ ಆ ಮಧ್ಯಾಹ್ನ ಇದ್ದ ಹಾಗೇ ಎದುರಿಗೆ ಬಂತು. ನಡುಮನೆಯಲ್ಲಿ ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಅತ್ತೆ ಓಡಿಬಂದು, ಗಾಡಿ ಬಂದಿದೆ, ಏಳು ಎಂದಿದ್ದಳು.

“ಅವತ್ತು ಬೇಡ ಅಂದಿದ್ದು ನಾನು,” ಎಂದಳು ಭಾರತಮ್ಮ. ಧ್ವನಿ ಅವಳದೇ ಎಂದು ಅನ್ನಿಸುತ್ತಿರಲಿಲ್ಲ. “ಈಗ ತಾನೇ ಕಣ್ಣು ಮುಚ್ಚೈತೆ, ಹರಕೆ ಹೊತ್ತಾಯ್ತಲ್ಲ, ನಾಳೆ ನೋಡೋಣ ಅಂದೆ. ನಾನಂದಿದ್ದನ್ನೇ ನೀನು ಆಚೆ ಹೋಗಿ ಹೇಳ್ದೆ.”

ಮುದುಕಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಿಂದಕ್ಕೆ ಬಂದು, ಸೊಸೆಯ ಪಕ್ಕ ಮೆಲ್ಲಗೆ ಕೂತು, ಅಂಗಾಲಿಗೆ ನಾಟಿದ್ದ ಜಲ್ಲಿಯ ಚೂರನ್ನು ಉಗುರಿನಿಂದ ಕಿತ್ತು ಹಾಕಿದಳು. ಊರವರಿಗೆ ಬೇಡ, ಹೆತ್ತ ಮಗನಿಗಾದರೂ ನಿಜ ಹೇಳಬಾರದಿತ್ತೇ ಎಂದು ಭಾರತಮ್ಮ ಅಳುತ್ತಾ ಕೇಳಿದಳು.

“ನೀನು ಅವನ ಜೊತೆ ಇನ್ನೂ ಬಾಳಬೇಕಾದೋಳು,” ಎಂದಳು ದೊಡ್ಡಮುನಿಯಮ್ಮ. “ಬೈಸ್ಕೊಳ್ಳೋಕೆ ಮನೆಗೊಬ್ಬಳು ಸಾಕು ಕಣಮ್ಮ.”