ಬೆಳಕಿಂಡಿಯ ಸುತ್ತ

ಮೊನ್ನೆ ಬಳಿಚಕ್ರ ಊರಿನ ಹಾದಿಯಲ್ಲಿ ಯಾರೋ ಸವುಳು ಮಣ್ಣು ಕಲಸುತ್ತಿದ್ದರು. ಆ ಉಪ್ಪುಪ್ಪು ಹಸಿ ವಾಸನೆಗೆ ನಾನು ಗಾಡಿ ನಿಲ್ಲಿಸಿಯೇ ಬಿಟ್ಟೆ.

ನಾನು ಚಿಕ್ಕವಳಿದ್ದಾಗ ಯುಗಾದಿ ಹತ್ತಿರ ಬಂತೆಂದರೆ, ಮಳೆಗಾಲಕ್ಕೆ ಮುಂಚೆ, ನಮ್ಮ ಮನೆಯ ಮಣ್ಣಿನ ಮಾಳಿಗೆಗೆ ಇದೇ ಸವುಳು ಮಣ್ಣು ಹೊಸದಾಗಿ ಬೀಳುತ್ತಿತ್ತು. ಎಲ್ಲ ಕಡೆ ಗಟ್ಟಿಯಿದ್ದ ಮಾಳಿಗೆ ಬೆಳಕಿಂಡಿಯ ಸುತ್ತ ಮಾತ್ರ ಸೋರುತ್ತಿತ್ತು. ಅದರ ಕೆಳಗೇ ಜೋಳದ ಚೀಲಗಳು. ಹಿಂದಿನ ಮಳೆಗೆ ಜೋಳ ಚೀಲದಲ್ಲೇ ಮೊಳೆತಿತ್ತು. ಅಲ್ಲಿ ಹಾಕಿದ ಮಣ್ಣನ್ನು ದೊಡ್ಡವರು ತುಳಿದರೆ ಬೆಳಕಿಂಡಿಯ ಅಂಚು ಮುರಿಯುತ್ತದೆ. "ಈ ಸಲ ಇಕಿ ತುಳೀಲಿ, ಪಾದ ಸಣ್ಣು ಅದಾವ," ಅಂದ ಅಪ್ಪ ನನ್ನನ್ನು ತೋರಿಸಿ.

ಅಪ್ಪನ ತಾಯಿ, ನಮ್ಮ ಆಯಿ, ಮೂಗು ಮುರಿದಳು. "ಹುಡುಗಿ ಕೈಯಾಗ ಮಾಳಗಿ ಕೊಟ್ಟಿ? ಮಳಿಗಾಲ ಪೂರ್ತಿ ನಾ ಬೋಗುಣಿ ಹಿಡ್ಕೊಂಡು ಕೂಡೂದೇ ಆತು."

ನಾನು ಸಿಟ್ಟಿನಲ್ಲೇ ತುಳಿದೆ. ಹೊಟ್ಟು ಬೆರೆಸಿದ ಮಣ್ಣು ಬೆರಳ ಸಂದಿಯಿಂದ ಉಕ್ಕುವಂತೆ ಹಿಮ್ಮಡಿ ಊರಿ ಊರಿ ತುಳಿದೆ. ಆಮೇಲೆ ಅಂಗೈ ಉರಿಯುವ ತನಕ ತೀಡಿದೆ.

ಮಣ್ಣು ಒಣಗಿದ ಮಧ್ಯಾಹ್ನ ಪರೀಕ್ಷೆ. ಆಯಿ ಒಳಗೆ ಹೋಗಿ ಚೀಲಗಳ ಮೇಲೆ ಅಂಗಾತ ಮಲಗಿದಳು. "ಹಾಕ್ರಿ ನೀರು! ಒಂದು ಹನಿ ಬಿದ್ರೂ ಒದರ್ತೀನಿ ನೋಡ್ರಿ!"

ಅಪ್ಪ ಅಂಚಿನ ಸುತ್ತ ಒಂದು ಕೊಡ ಸುರಿದ. ಕೆಳಗೆ ಸದ್ದಿಲ್ಲ. ಇನ್ನೊಂದು ಸುರಿದ. ಆಗಲೂ ಇಲ್ಲ. ನಾನು ಬೆಳಕಿಂಡಿಗೆ ಮುಖವಿಟ್ಟು ನೋಡಿದೆ. ಒಣ ಸೆರಗು ಮುಖದ ಮೇಲೆ ಎಳೆದುಕೊಂಡು ಆಯಿ ಗೊರಕೆ ಹೊಡೆಯುತ್ತಿದ್ದಳು.

ಅಪ್ಪ ಮತ್ತೊಂದು ಕೊಡ ಎತ್ತಿದ್ದ.

"ಸಾಕು ಬಿಡಪ್ಪ," ಅಂದೆ. "ಆಯಿಗಿ ಎಚ್ಚರ ಆಗ್ತದ."